ಪುನರುಜ್ಜೀವನ ಮಂತ್ರ

ಹಿರಿಯರ ಕಣ್ಣಿಗೆ ಕಿರಿಯರ ವಿನೋದಗಳು ಯಾವ ಕಾಲದಲ್ಲಿಯೂ ಕಾಲಹರಣವಾಗಿಯೇ ತೋರಿವೆ. ಪಗಡೆ, ಇಸ್ಪೀಟು, ನಾಟಕ, ಸಿನಿಮಾ, ಇವೆಲ್ಲವೂ ಒಂದೊಂದು ತಲೆಮಾರಿನಲ್ಲಿ ಈ ಆಕ್ಷೇಪಣೆಗೆ ಗುರಿಯಾದುವು. ಈಚಿನ ಮೂವತ್ತು ನಲವತ್ತು ವರ್ಷಗಳಲ್ಲಿ ಆ ಸ್ಥಾನವು ವಿಡಿಯೋ ಆಟಕ್ಕೆ ಸಂದಿದೆ. ಅದರಲ್ಲಿ ಏನು ದೊರೆಯುವುದೆಂದು ಆಡದವನು ಕೇಳುವುದಿಲ್ಲ. ಕೇಳಿದರೂ ವಿವರಿಸುವ ತಾಳ್ಮೆ ಆಡುವವನಿಗೆ ಇರುವುದಿಲ್ಲ. ಹೀಗಾಗಿ ಒಂದೇ ಸೂರಿನ ಕೆಳಗಿರುವ ತಂದೆಮಕ್ಕಳು ಒಂದು ವಿಷಯವನ್ನು ಕುರಿತು ಇಪ್ಪತ್ತು ವರ್ಷಗಳವರೆಗೂ ಮೌನದಿಂದ ಇದ್ದುಬಿಡುವುದುಂಟು. ಬಂಗಾರಪೇಟೆಯ ಒಂದು ಮನೆಯಲ್ಲಿ ಅಂತಹ ಮೌನವು ಮುರಿದ ಬಗೆಯನ್ನು ಇಲ್ಲಿ ನಿರೂಪಿಸಿದೆ.

ಆ ಮನೆಯ ಯಜಮಾನರು ಕೋಲಾರದ ಚಿನ್ನದ ಗಣಿಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವರು. ಬೆಳಗಿನ ಮಾರಿಕುಪ್ಪಂ ರೈಲಿನಲ್ಲಿ ಕುಳಿತು, ಕೋರಮಂಡಲ್ ಮತ್ತು ಊರಿಗಾಂ ನಿಲ್ದಾಣಗಳನ್ನು ದಾಟಿ, ಚಾಂಪಿಯನ್ನಿನಲ್ಲಿ ಇಳಿಯುವರು. ನೆಲದಡಿಯಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕ ಆಳದವರೆಗೆ ಇಳಿದು ದುಡಿಯುತ್ತಿದ್ದವರ ಹಾಜರಿಯನ್ನು ನೆಲದ ಮೇಲೆ ಕುಳಿತು ಬರೆಯುವುದು ಅವರ ಉದ್ಯೋಗ. 1902ರಲ್ಲಿ, ಬೆಂಗಳೂರಿಗಿಂತಲೂ ಮೈಸೂರಿಗಿಂತಲೂ ಮೊದಲು, ಶಿವನಸಮುದ್ರದ ವಿದ್ಯುತ್ತನ್ನು ಪಡೆದ ಆ ಊರಿನಲ್ಲಿ 2001ನೆಯ ಇಸವಿ ಫೆಬ್ರವರಿ 28ನೆಯ ದಿನ ಗಣಿಯು ಮುಚ್ಚಿತು. ಆಗ ಅವರ ಮಗನು ಎಸ್.ಎಸ್.ಎಲ್.ಸಿ. ತರಗತಿಯಲ್ಲಿದ್ದನು. ಅದಕ್ಕೆ ಎರಡು ವರ್ಷ ಮುಂಚೆ ಅವನ ಸೋದರಮಾವನು ಬೆಂಗಳೂರಿನಿಂದ ಟೆಲಿವಿಷನ್ನಿಗೆ ಜೋಡಿಸುವ ಆಟದ ಪೆಟ್ಟಿಗೆಯೊಂದನ್ನು ತಂದುಕೊಟ್ಟಿದ್ದನು. ಜೊತೆಗೆ ಯಾರೋ ಬಳಸಿ ಬಿಟ್ಟ ನಾಲ್ಕು ಕ್ಯಾಸೆಟ್ಟುಗಳೂ ಇದ್ದುವು. ಗಣಿ ಮುಚ್ಚಿದ ತಿಂಗಳಲ್ಲಿಯೇ ತಂದೆಯವರು ಆ ಪೆಟ್ಟಿಗೆಯನ್ನು ಮಾರಿಬಿಟ್ಟರು. ಬಂದ ಹಣವು ಮನೆಯ ಅಕ್ಕಿಗೆ ಆಯಿತು. ಹುಡುಗನು ಅಳಲೂ ಇಲ್ಲ, ಕೇಳಲೂ ಇಲ್ಲ. ಮುಂದೆ ಓದಿ, ವೈಟ್‌ಫೀಲ್ಡಿನಲ್ಲಿ ಕೆಲಸ ಹಿಡಿದು, ಗಣಿಯ ಸೀಮೆಯಿಂದ ದಿನವೂ ರೈಲಿನಲ್ಲಿ ಹೋಗಿಬರುವ ಸಹಸ್ರಾರು ಜನರಲ್ಲಿ ತಾನೂ ಒಬ್ಬನಾದನು. ಆ ಪೆಟ್ಟಿಗೆಯ ಮಾತು ಮಾತ್ರ ಮನೆಯಲ್ಲಿ ಎಂದೂ ಬರಲಿಲ್ಲ.

ಒಂದು ದಿನ ತಂದೆಯವರ ಕಣ್ಣಿನ ಪರೀಕ್ಷೆಗಾಗಿ ಇಬ್ಬರೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೊರಟರು. ಟೇಕಲ್ ದಾಟುವ ವೇಳೆಗೆ ಮಗನು ಎಂದಿನಂತೆ ಕಿವಿಗೆ ತಂತಿ ಸಿಕ್ಕಿಸಿಕೊಂಡು ತನ್ನಷ್ಟಕ್ಕೆ ಮುಗುಳ್ನಗುತ್ತಿರುವುದನ್ನು ತಂದೆಯವರು ಕಂಡರು.

“ಯಾವ ಹಾಡೋ ಅದು?” ಎಂದರು.

“ಹಾಡಲ್ಲ ಅಪ್ಪಾ. ಹಾಡಿನ ವಿಷಯವಾಗಿ ಮಾತು. ಕೇಳ್ತೀರಾ?” ಎಂದು ಮಗನು ಒಂದು ಕಿವಿಯ ತಂತಿಯನ್ನು ಅವರತ್ತ ನೀಡಿದನು.

ಪಾಡ್‌ಕ್ಯಾಸ್ಟ್ ಎಂಬ ಹೆಸರು ಹುಟ್ಟಿದುದು 2004ರಲ್ಲಿ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ತೊಡಗಿಸಿದಾಗ ಕೇಳುಗರು ಗಡಿಯಾರವನ್ನು ನೋಡಿಕೊಂಡು ಪೆಟ್ಟಿಗೆಯ ಮುಂದೆ ಕುಳಿತುಕೊಳ್ಳಬೇಕಾಗಿತ್ತು. ಇಲ್ಲಿ ಕಾರ್ಯಕ್ರಮವೇ ಕೇಳುಗನ ಬಿಡುವಿಗೆ ಕಾದಿರುವುದು. ಹಳೆಯ ವಿಡಿಯೋ ಆಟಗಳನ್ನೇ ಕುರಿತು ಮಾತನಾಡುವ ರೆಟ್ರೊನಾಟ್ಸ್ ಎಂಬ ಪ್ರಸಂಗಮಾಲೆಯು 2006ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಪಾತ್ರಧಾರಣೆಯ ಆಟಗಳಿಗೆಂದೇ ಮೀಸಲಾದ ಇನ್ನೊಂದಕ್ಕೆ ‘ಆಕ್ಸ್ ಆಫ್ ದ ಬ್ಲಡ್ ಗಾಡ್’, ಅಂದರೆ ರಕ್ತದೇವನ ಕೊಡಲಿ, ಎಂದು ಹೆಸರು. ಮಗನು ಈ ಹೆಸರನ್ನು ಹೇಳಿದಾಗ ತಂದೆಯವರು ಇದು ಯಾವುದೋ ವಾಮಾಚಾರದ ಗ್ರಂಥವಿರಬೇಕೆಂದು ಬೆಚ್ಚಿದರು. ಒಳಗೆ ಕೇಳಿಬಂದುದಾದರೋ ಮೂವರು ನಡುವಯಸ್ಸಿನವರ ಸೌಮ್ಯವಾದ ಸಂಭಾಷಣೆ.

ಪಾತ್ರಧಾರಣೆಯ ಆಟವೆಂದರೇನು ಎಂಬುದನ್ನು ಮಗನು ತಾಳಮದ್ದಳೆಯ ದೃಷ್ಟಾಂತದಿಂದ ತಿಳಿಸಿದನು. ತಾಳಮದ್ದಳೆಯಲ್ಲಿ ಅರ್ಥಧಾರಿಯು ವೇಷವಿಲ್ಲದೆ, ಕುಳಿತಲ್ಲಿಯೇ, ಮಾತಿನಿಂದಲೇ ಕರ್ಣನೋ ಕೃಷ್ಣನೋ ಆಗುವನು. ಅದರಂತೆಯೇ 1974ರಲ್ಲಿ ಅಮೆರಿಕದ ಗೈಗ್ಯಾಕ್ಸ್, ಆರ್ನೆಸನ್ ಎಂಬ ಇಬ್ಬರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿ ಮೇಜಿನ ಸುತ್ತ ಕುಳಿತವರು ಮಾತಿನಿಂದಲೂ ದಾಳಗಳಿಂದಲೂ ವೀರರಾಗಿ ಮಾಂತ್ರಿಕರಾಗಿ ಸಂಚರಿಸುತ್ತಿದ್ದರು. ಅನಂತರ ಅದು ಗಣಕಯಂತ್ರಕ್ಕೆ ಇಳಿಯಿತು. 1986ರ ಮೇ ತಿಂಗಳಲ್ಲಿ ಜಪಾನಿನ ಯೂಜಿ ಹೋರಿಯವರು ಅದನ್ನು ಮಕ್ಕಳಿಗೂ ನಿಲುಕುವಂತೆ ಸರಳಗೊಳಿಸಿ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ಆಟವನ್ನು ಹೊರತಂದರು. ಮಾವನು ತಂದ ನಾಲ್ಕು ಕ್ಯಾಸೆಟ್ಟುಗಳಲ್ಲಿ ಒಂದು ಅದೇ ಆಗಿತ್ತು.

“ಅದು ಜಪಾನೀ ಭಾಷೆಯದಲ್ಲವೇ? ನಿನಗೆ ಏನು ತಿಳಿಯುತ್ತಿತ್ತು?” ಎಂದರು ತಂದೆಯವರು.

“ಏನೂ ತಿಳೀತಿರಲಿಲ್ಲ ಅಪ್ಪಾ. ಸಂಗೀತ ಮಾತ್ರ ತಿಳೀತಿತ್ತು.”

ಆ ಸಂಗೀತವನ್ನು ರಚಿಸಿದವರು ಕೊಯಿಚಿ ಸುಗಿಯಾಮ. 1931ರಲ್ಲಿ ಜನಿಸಿದ ಅವರು ಆ ಹೊತ್ತಿಗೆ ಹೆಸರಾಂತ ಸಂಗೀತಗಾರರು. ಜಪಾನೀ ಚದುರಂಗದ ಒಂದು ಗಣಕ ಆಟವನ್ನು ಆಡಿ, ತಮ್ಮ ಅಭಿಪ್ರಾಯವನ್ನು ಕಾರ್ಡಿನಲ್ಲಿ ಬರೆದು ತಯಾರಕರಿಗೆ ಕಳುಹಿಸಿದುದೇ ಅವರು ಈ ರಂಗಕ್ಕೆ ಬರಲು ನಿಮಿತ್ತವಾಯಿತು. ಯಂತ್ರವು ಅವರಿಗೆ ಕೊಟ್ಟ ಸಾಮಗ್ರಿಯು ಬಹು ಬಡವಾದುದು. ಸ್ವರ ನುಡಿಸಲು ಇದ್ದುದು ಮೂರು ದನಿಗಳು. ತಾಳಕ್ಕೆಂದು ಗದ್ದಲದ ಶಬ್ದವೊಂದು. ಕತ್ತಿಯ ಪೆಟ್ಟಿನ ಸದ್ದು ಕೇಳಿಸಬೇಕಾದರೆ ಆ ಕ್ಷಣಕ್ಕೆ ಒಂದು ದನಿಯು ರಾಗವನ್ನು ಬಿಟ್ಟು ಅತ್ತ ಓಡಬೇಕು. ಚಿತ್ರ, ಕಥೆ, ಸಂಗೀತ ಎಲ್ಲವೂ ಸೇರಿ 64 ಕಿಲೋಬೈಟಿನೊಳಗೆ ಅಡಗಬೇಕು. ಆದುದರಿಂದ ಪ್ರತಿಯೊಂದು ರಾಗವೂ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿದು ಮತ್ತೆ ಮೊದಲಾಗುವುದು. ಸಾವಿರ ಬಾರಿ ಕೇಳಿದರೂ ಬೇಸರವಾಗದಂತೆ ಅದನ್ನು ಕಟ್ಟುವುದೇ ವಿದ್ಯೆ. ಆಟದ ನಾಂದಿಯನ್ನು ರಚಿಸಲು ಐದೇ ನಿಮಿಷ ಹಿಡಿಯಿತು, ಆದರೆ ಆ ಐದು ನಿಮಿಷದ ಹಿಂದೆ ತಮ್ಮ ಐವತ್ತನಾಲ್ಕು ವರ್ಷಗಳ ಬಾಳು ಇತ್ತು, ಎಂಬ ಅರ್ಥದ ಮಾತನ್ನು ಸುಗಿಯಾಮರು ಹೇಳಿದುದುಂಟು. ತಂದೆಯವರು ಇದನ್ನು ಕೇಳಿ ತಲೆದೂಗಿದರು.

ಮಾಲೂರು ಬಂದಿತು. ಕಿವಿಯಲ್ಲಿ ಚರ್ಚೆಯು ಮುಂದೆ ಸಾಗಿತ್ತು. 1987ರ ‘ಫೈನಲ್ ಫ್ಯಾಂಟಸಿ’ಗೆ ಸಂಗೀತವಿತ್ತ ನೊಬುವೊ ಉಎಮತ್ಸು ಅವರು ಗುರುಮುಖದಿಂದ ಕಲಿಯದೆ ತಾವಾಗಿಯೇ ಸಾಧಿಸಿದವರು. 1994ರಲ್ಲಿ ಆ ಸರಣಿಯ ಆರನೆಯ ಆಟದಲ್ಲಿ ಅವರು ಸಂಗೀತನಾಟಕವೊಂದನ್ನೇ ಅಳವಡಿಸಿದರು. ಮನುಷ್ಯಕಂಠವನ್ನು ಹಾಡಿಸಲು ಯಂತ್ರಕ್ಕೆ ಶಕ್ತಿಯಿರಲಿಲ್ಲವಾಗಿ ಕಂಠವನ್ನು ಹೋಲುವ ದನಿಯು ರಾಗವನ್ನು ನುಡಿಯುವುದು, ಸಾಹಿತ್ಯವು ತೆರೆಯ ಮೇಲೆ ಅಕ್ಷರರೂಪವಾಗಿ ಹರಿಯುವುದು. ಮರುವರ್ಷ ‘ಕ್ರೋನೊ ಟ್ರಿಗರ್’ ಎಂಬ ಆಟಕ್ಕೆ ರಾಗಗಳನ್ನು ಕಟ್ಟುತ್ತಿದ್ದ ತರುಣ ಯಾಸುನೊರಿ ಮಿತ್ಸುದ ಅತಿಶ್ರಮದಿಂದ ಕಾಯಿಲೆ ಬೀಳಲು, ಉಎಮತ್ಸು ಅವರೇ ಉಳಿದುದನ್ನು ಪೂರೈಸಿಕೊಟ್ಟರು. 2021ರ ಜುಲೈ 23ರಂದು ಟೋಕಿಯೋ ಒಲಿಂಪಿಕ್ಸ್ ಆರಂಭೋತ್ಸವದಲ್ಲಿ ಸಕಲ ದೇಶಗಳ ಆಟಗಾರರೂ ಮೆರವಣಿಗೆ ಬಂದುದು ಇಂತಹ ರಾಗಗಳಿಗೇ; ಮೊದಲು ಮೊಳಗಿದುದು ಸುಗಿಯಾಮರ ನಾಂದಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು.

ತಂದೆಯವರನ್ನು ಸೆರೆಹಿಡಿದುದು ಈ ವೃತ್ತಾಂತಕ್ಕಿಂತ ಹೆಚ್ಚಾಗಿ ಮಾತಿನ ರೀತಿ. ಒಂದೇ ನಿಮಿಷದ ರಾಗವನ್ನು ಮುಂದಿಟ್ಟುಕೊಂಡು ಆ ಮೂವರು ಅರ್ಧ ಗಂಟೆ ವಾದಿಸಿದರು. ಕೆಳಗಿನ ದನಿಯು ಇಲ್ಲಿ ಏಕೆ ತಡೆದು ನಿಲ್ಲುವುದು, ಊರಿನಿಂದ ಹೊರಗೆ ಕಾಲಿಟ್ಟಾಗ ರಾಗವು ಏಕೆ ಒಂಟಿಯಾಗುವುದು, ಗುಹೆಯಲ್ಲಿ ಇಳಿದಷ್ಟೂ ಅದು ಏಕೆ ತಗ್ಗುತ್ತ ನಿಧಾನವಾಗುವುದು ಎಂದು ಪೂರ್ವಪಕ್ಷ ಸಿದ್ಧಾಂತಗಳು ನಡೆದುವು. ಹಳೆಯ ಪಂಡಿತರು ಒಂದು ಶ್ಲೋಕಕ್ಕೆ ಒಂದು ಮಧ್ಯಾಹ್ನವನ್ನು ವ್ಯಯಮಾಡುತ್ತಿದ್ದುದೂ ಹೀಗೆಯೇ. ಕಾವ್ಯವು ಉಳಿದುಬಂದುದು ಕವಿಯೊಬ್ಬನಿಂದಲ್ಲ. ಅದನ್ನು ಬಿಡದೆ ಮಾತಿಗೆ ಎಳೆದ ವ್ಯಾಖ್ಯಾನಕಾರರಿಂದಲೂ ಹೌದು. ಆಟದ ಯಂತ್ರಗಳು ಮೂಲೆಗುಂಪಾದುವು, ಆಡಿದ ಮಕ್ಕಳು ನರೆತರು. ಆದರೆ ಅವರು ಕುಳಿತು ಮಾತನಾಡುತ್ತಿರುವವರೆಗೆ ಆ ಮೂರು ದನಿಗಳು ಮುಪ್ಪಾಗುವುದಿಲ್ಲ.

ವೈಟ್‌ಫೀಲ್ಡ್ ಸಮೀಪಿಸುತ್ತಿರಲು ತಂದೆಯವರು ಕಿಟಕಿಯ ಕಡೆಗೆ ನೋಡುತ್ತ, “ನಮ್ಮ ಗಣಿಯ ಸೈರನ್ನಿನ ಕೂಗು ನಿನಗೆ ನೆನಪಿದೆಯೇ?” ಎಂದು ಕೇಳಿದರು. ಪಾಳಿ ಬದಲಾಗುವಾಗ ಅದು ಕೂಗುತ್ತಿತ್ತು. ಹೆಂಗಸರು ಒಲೆ ಹೊತ್ತಿಸುತ್ತಿದ್ದುದು, ಮಕ್ಕಳು ಪಾಠಶಾಲೆಗೆ ಓಡುತ್ತಿದ್ದುದು ಅದರ ಆಜ್ಞೆಯಂತೆ. ಹೊತ್ತಲ್ಲದ ಹೊತ್ತಿನಲ್ಲಿ ಅದು ಕೂಗಿದರೆ ಗಣಿಯ ಲೈನುಮನೆಗಳ ಬಾಗಿಲುಗಳೆಲ್ಲ ಒಮ್ಮೆಗೇ ತೆರೆಯುತ್ತಿದ್ದುವು. ಬಂಡೆ ಸಿಡಿದು ಮನೆಯ ಪಾತ್ರೆಗಳು ಅದುರಿದ ರಾತ್ರಿಗಳನ್ನು ಆ ಊರು ಬಲ್ಲದು. ಮಗನು ತುಸು ಯೋಚಿಸಿ, “ಕೂಗ್ತಿತ್ತು ಅನ್ನೋದು ನೆನಪಿದೆ ಅಪ್ಪಾ, ಹೇಗೆ ಅನ್ನೋದು ನೆನಪಿಲ್ಲ” ಎಂದನು. ತಂದೆಯವರು ಮತ್ತೆ ಮಾತನಾಡಲಿಲ್ಲ.

ಹಿಂದಿರುಗುವಾಗ ಅದೇ ಪ್ರಸಂಗದ ಉಳಿದ ಭಾಗವನ್ನು ಕೇಳಿದರು. ಆ ಮೊದಲ ಆಟಕ್ಕೆ ನೆನಪಿನ ಶಕ್ತಿ ಇರಲಿಲ್ಲ. ಪೆಟ್ಟಿಗೆಯನ್ನು ಆರಿಸಿದರೆ ಎಲ್ಲವೂ ಅಳಿದುಹೋಗುವುದು. ಅದಕ್ಕಾಗಿ ಆಟದ ರಾಜನು ಇಪ್ಪತ್ತು ಅಕ್ಷರಗಳ ಮಾಲೆಯೊಂದನ್ನು ಉಪದೇಶಿಸುವನು. ಅದರ ಹೆಸರು ‘ಪುನರುಜ್ಜೀವನ ಮಂತ್ರ’. ವೀರನ ಅನುಭವ, ಆಯುಧ, ಕೈಯಲ್ಲಿರುವ ಚಿನ್ನ, ಎಲ್ಲವೂ ಆ ಅಕ್ಷರಗಳಲ್ಲಿ ಅಡಗಿರುವುದು. ಅದನ್ನು ಬರೆದುಕೊಂಡು ಮರುದಿನ ತಪ್ಪಿಲ್ಲದೆ ಒಪ್ಪಿಸಿದರೆ ಬಿಟ್ಟಲ್ಲಿಂದ ಆಟವು ಸಾಗುವುದು. ಒಂದಕ್ಷರ ತಪ್ಪಿದರೂ ಮಂತ್ರವು ಫಲಿಸದು. ತ್ವಷ್ಟೃವಿನ ಯಾಗದಲ್ಲಿ ಸ್ವರವೊಂದು ತಪ್ಪಿದುದರಿಂದ ಇಂದ್ರನನ್ನು ಕೊಲ್ಲಬೇಕಾದ ವೃತ್ರನು ಇಂದ್ರನಿಂದಲೇ ಹತನಾದ ಕಥೆಯು ತಂದೆಯವರಿಗೆ ನೆನಪಾಯಿತು. ಇನ್ನೊಂದು ಸಂಗತಿಯೂ ನೆನಪಾಯಿತು. ಆದರೆ ಆಗ ಹೇಳಲಿಲ್ಲ.

ಒಂದು ವಾರದ ಮೇಲೆ ಹೊಸ ಕನ್ನಡಕವು ಬಂದಿತು. ಆ ಸಂಜೆ ಅವರು ಗಣಿಯ ಕಾಗದಗಳನ್ನು ಇಟ್ಟಿದ್ದ ಟ್ರಂಕನ್ನು ತೆರೆದು, ತಳದಿಂದ ಇನ್ನೂರು ಪುಟದ ನೋಟುಪುಸ್ತಕವೊಂದನ್ನು ತೆಗೆದು ಮಗನ ಮುಂದಿಟ್ಟರು. ಅದರ ಹಿಂದಿನ ಪುಟಗಳಲ್ಲಿ ಸಾಲುಸಾಲಾಗಿ, ಭಾಷೆಯರಿಯದ ಹುಡುಗನು ಚಿತ್ರ ಬಿಡಿಸುವಂತೆ ಬಿಡಿಸಿದ್ದ ಅಕ್ಷರಗಳಿದ್ದುವು.

“ಪೆಟ್ಟಿಗೆಯನ್ನು ಮಾರಿದೆ. ಇದರಲ್ಲಿ ಅಕ್ಷರವಿತ್ತು, ಬಿಸಾಡಲು ಕೈ ಬರಲಿಲ್ಲ” ಎಂದರು.

ಮಗನು ಬಹಳ ಹೊತ್ತು ಆ ಪುಟಗಳನ್ನು ನೋಡಿದನು. ಅನಂತರ ತನ್ನ ಗಣಕಯಂತ್ರದಲ್ಲಿ ಆ ಹಳೆಯ ಆಟವನ್ನು ತೆರೆದು, ಕೊನೆಯ ಸಾಲನ್ನು ಒಂದೊಂದಾಗಿ ಒಪ್ಪಿಸಿದನು. ಮಂತ್ರವು ತಪ್ಪೆಂದು ಆಟವು ತಿಳಿಸಿತು. ಇನ್ನೊಮ್ಮೆ ಒಪ್ಪಿಸಿದನು, ಮತ್ತೆ ಅದೇ ಉತ್ತರ. “ಹೋಗಲಿ ಬಿಡಿ ಅಪ್ಪಾ, ಆಗಲೇ ತಪ್ಪು ಬರೆದಿರಬೇಕು” ಎಂದು ಮುಚ್ಚಹೊರಟನು. ಮೂವತ್ತು ವರ್ಷ ಹಾಜರಿ ಪುಸ್ತಕಗಳನ್ನು ತಿದ್ದಿದ ಗುಮಾಸ್ತೆಯವರು ಅಷ್ಟಕ್ಕೆ ಬಿಡತಕ್ಕವರಲ್ಲ. ಪುಸ್ತಕವನ್ನು ದೀಪಕ್ಕೆ ಓರೆಯಾಗಿ ಹಿಡಿದು ಸಾಲನ್ನು ಪರಿಶೀಲಿಸಿದರು. ಕೆಲವು ಅಕ್ಷರಗಳ ಬಲಗಡೆ ಮೇಲೆ ಎರಡು ಪುಟ್ಟ ಗೀಟುಗಳಿರುವುದೇಕೆಂದು ಕೇಳಿದರು. ಅವು ಸೇರಿದರೆ ‘ಕ’ ಎಂಬುದು ‘ಗ’ ಆಗುವುದೆಂದೂ, ‘ತ’ ಎಂಬುದು ‘ದ’ ಆಗುವುದೆಂದೂ ಮಗನು ಹೇಳಿದನು. “ಅಂದರೆ ಅಘೋಷವು ಘೋಷವಾಗುವುದು. ಹಾಗಾದರೆ ಈ ಹನ್ನೊಂದನೆಯ ಅಕ್ಷರವನ್ನು ನೋಡು. ಶಾಯಿ ಬಿದ್ದಿಲ್ಲ, ಲೇಖನಿಯ ಮೊನೆ ಒತ್ತಿದ ಗುರುತಿದೆ” ಎಂದರು.

ಎರಡು ಗೀಟು ಸೇರಿದೊಡನೆ ಮಂತ್ರವು ಒಪ್ಪಿತವಾಯಿತು. ತೆರೆಯ ಮೇಲೆ ರಾಜನ ಆಸ್ಥಾನವು ಕಾಣಿಸಿತು. 2001ರಲ್ಲಿ ಹುಡುಗನ ಕೈಯಲ್ಲಿದ್ದ ಚಿನ್ನವು ಒಂದು ನಾಣ್ಯವೂ ಕಡಮೆಯಿಲ್ಲದೆ ಹಾಗೆಯೇ ಇತ್ತು. ಒಂದರ ಹಿಂದೊಂದು ನಡೆಯುವ ಎರಡು ತೆಳುವಾದ ದನಿಗಳಲ್ಲಿ ಅರಮನೆಯ ರಾಗವು ಮೊದಲಾಯಿತು. ತಂದೆಯವರು ಅದು ಮುಗಿದು ಮತ್ತೆ ಮೊದಲಾಗುವುದನ್ನು ಮೂರು ನಾಲ್ಕು ಬಾರಿ ಕೇಳುತ್ತ ಕುಳಿತರು.

ಆಮೇಲೆ ಮಗನು ರಾಗವನ್ನು ತಗ್ಗಿಸಿ, ತನ್ನ ಫೋನನ್ನು ಮೇಜಿನ ಮೇಲೆ ತಂದೆಯವರ ಮುಂದೆ ಇಟ್ಟು, “ಆ ಸೈರನ್ ಹೇಗೆ ಕೂಗ್ತಿತ್ತು, ಹೇಳಿ ಅಪ್ಪಾ” ಎಂದನು. ತಂದೆಯವರು ಕನ್ನಡಕವನ್ನು ತೆಗೆದಿಟ್ಟು, ಬೆಳಗಿನ ಪಾಳಿಯಿಂದ ಆರಂಭಿಸಿದರು.