ಬುಡದ ಹಲಗಿ

ರೋಹಿಣಿ ಮಳೆ ಹಿಡಿಯುವುದರೊಳಗೆ ಬೇಲಿ ಮುಗಿಯಬೇಕು. ಇದು ನಮ್ಮ ಮನೆಯ ಕಟ್ಟಳೆ. ಮುಧೋಳದ ಹತ್ತಿರ, ಘಟಪ್ರಭೆಯ ದಂಡೆಗೆ ನಮ್ಮ ತೋಟ. ನಾನು ಸಣ್ಣವನಿದ್ದಾಗ ಪ್ರತಿ ಬೇಸಿಗೆಗೆ ಅಪ್ಪ, ಕಾಕಾ ಹಳ್ಳದ ಜಾಲಿ ಕಡಿದು ಚಕ್ಕಡಿಯಲ್ಲಿ ಹೇರಿಕೊಂಡು ಬರುತ್ತಿದ್ದರು. ಹೊರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿಯುವುದು ನನ್ನ ಕೆಲಸ. "ಬುಡ ಒಳಗ, ಮುಳ್ಳ ಹೊರಗ" ಎಂದು ಕಾಕಾ ಹತ್ತು ಸಲ ಹೇಳುತ್ತಿದ್ದ. ಎರಡು ಮಳೆಗಾಲ ಕಳೆಯುವುದರಲ್ಲಿ ಒರಲಿ ಹತ್ತಿ ಅರ್ಧ ಬೇಲಿ ಮಣ್ಣಾಗುತ್ತಿತ್ತು. ಆದರೂ ಅದರ ಮೇಲೆ ತೊಂಡೆ ಹಬ್ಬುತ್ತಿತ್ತು, ಬುಡದಲ್ಲಿ ಮುಂಗುಸಿ ಮರಿ ಹಾಕುತ್ತಿತ್ತು. ಬದುವಿನ ಆಚೆಯವರೂ ಬುತ್ತಿ ಕಟ್ಟಿಕೊಂಡು ಬಂದು ಕೈಗೂಡಿಸುತ್ತಿದ್ದರು. ಆ ಮೂರು ದಿನ ಎರಡು ಹೊಲಕ್ಕೂ ಒಂದೇ ಪಂಕ್ತಿ.

ಆಮೇಲೆ ಕಲ್ಲುಕಂಬ, ಮುಳ್ಳುತಂತಿ ಬಂದವು. ಜಮಖಂಡಿ ಕಡೆ ದ್ರಾಕ್ಷಿ ಹಚ್ಚಿದವರ ತೋಟಗಳನ್ನು ನೋಡಿ ನಾವೂ ಹಾಕಿಸಿದೆವು. ಅದರ ಬೆನ್ನಿಗೇ ರೆಡಿಮೇಡ್ ಕಾಂಪೌಂಡು. ಬನಹಟ್ಟಿಯಲ್ಲಿ ಅತ್ತೆಯ ಮನೆಯವರು ಮಗ್ಗದ ಶೆಡ್ಡಿನ ಸುತ್ತ ಎರಡೇ ದಿನದಲ್ಲಿ ನಿಲ್ಲಿಸಿದ್ದನ್ನು ಕಂಡು ನನಗೆ ಆಸೆಯಾಯಿತು. ಬೀಳಗಿ ಸೀಮೆಯಲ್ಲಿ ಅವ್ವನ ತವರೂರು ಆಲಮಟ್ಟಿ ಹಿನ್ನೀರಿಗೆ ಹೋಗಿತ್ತು. ಪುನರ್ವಸತಿ ಕೇಂದ್ರಕ್ಕೆ ಬಂದ ಮಾವಂದಿರು ಮೊದಲು ಮುಳ್ಳು ಹಚ್ಚಿದ್ದ ಜಾಗದಲ್ಲೂ ಈಗ ಅದೇ ಸಿಮೆಂಟಿನ ಹಲಗಿ.

ಏಳೂವರೆ ಅಡಿ ಕಂಬ, ಎರಡು ಬದಿಗೂ ಕಚ್ಚು. ಎರಡು ಕಂಬಗಳ ನಡುವೆ ಒಂದು ಅಂಕಣ. ಅಂಕಣಕ್ಕೆ ಒಂದರ ಮೇಲೊಂದು ಐದು ಹಲಗಿ, ಮೇಲಿನಿಂದ ಇಳಿಬಿಟ್ಟರೆ ಮುಗಿಯಿತು. 2011ರಲ್ಲಿ ನಾವು ಹಾಕಿಸಿದೆವು. ಬಂದ ಹುಡುಗರು ಒಂದೂವರೆ ಅಡಿ ಗುಂಡಿ ತೋಡಿ, ಕಂಬ ನಿಲ್ಲಿಸಿ, ಸಂಜೆಗೆ ಹೋದರು. ಅಪ್ಪ ಮಾತ್ರ "ಎರಿ ಭೂಮಿ ಇದು, ತಳದ ಗಟ್ಟಿ ಗರಸು ಹತ್ತೂತನಾ ಹೋಗಬೇಕಾಗಿತ್ತು" ಎಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಿ ಮಣ್ಣು ಬೇಸಿಗೆಯಲ್ಲಿ ಮೊಣಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ. ಪ್ರತಿ ವರ್ಷದ ಈ ಉಬ್ಬು-ಕುಗ್ಗಿನಲ್ಲಿ ಕಂಬಗಳು ಒಂದೊಂದಾಗಿ ವಾಲಿದವು. ಕಂಬ ಸರಿದರೆ ಕಚ್ಚುಗಳ ನಡುವಿನ ಅಂತರ ಹೆಚ್ಚಿ ಹಲಗಿ ಜಾರುತ್ತದೆ. ಇನ್ನು ಕೆಲವು ಕಂಬಗಳಲ್ಲಿ ಸರಳಿಗೆ ಸಾಕಷ್ಟು ಸಿಮೆಂಟಿನ ಹೊದಿಕೆ ಇರಲಿಲ್ಲ. ತೇವ ಒಳಗಿಳಿಯಿತು. ಜಂಗು ಹಿಡಿದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಕೇಳುತ್ತದೆ. ಉಬ್ಬಿ ಉಬ್ಬಿ ಮೂಲೆಯ ಸಿಮೆಂಟನ್ನು ಚಕ್ಕೆಯಾಗಿ ಎಬ್ಬಿಸಿತು. ಆ ಚಕ್ಕೆ ಕೈಯಲ್ಲಿ ಹಿಡಿದಾಗ ಅದರ ಒಳಮೈಗೆ ಸರಳಿನ ಗುರುತು ಕೆಂಪಗೆ ಅಂಟಿಕೊಂಡಿತ್ತು.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ತುಂಬಿ ತೋಟಕ್ಕೆ ನುಗ್ಗಿದಳು. ಹಿಂದೆಯೂ ಹೊಳೆ ಬಂದಿತ್ತು. ಆಗ ಮುಳ್ಳುಬೇಲಿ ನೀರನ್ನು ಬಿಟ್ಟು ಕಸಕಡ್ಡಿಯನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತಿತ್ತು. ಈ ಗೋಡೆ ನೀರನ್ನೇ ತಡೆದು ನಿಂತಿತು. ನೆರೆ ಇಳಿದ ಮೇಲೆ ನೋಡಿದರೆ ಹನ್ನೊಂದು ಅಂಕಣ ಸಾಲಾಗಿ ಕಬ್ಬಿನ ಮೇಲೆ ಮಲಗಿದ್ದವು. ಅಪ್ಪ ಅಷ್ಟೊತ್ತಿಗೆ ಹೋಗಿಬಿಟ್ಟಿದ್ದ.

ಮತ್ತೆ ನಿಲ್ಲಿಸುವಾಗ ಕಲ್ಲಿನ ಕೆಲಸದಲ್ಲೇ ಆಯುಷ್ಯ ಕಳೆದ ಅಜ್ಜನೊಬ್ಬನನ್ನು ಕರೆದುಕೊಂಡು ಬಂದೆ. ಆತ ಹಾರಿ ಊರಿ ಮಣ್ಣಿನ ಸದ್ದು ಕೇಳುತ್ತಿದ್ದ. ಎರಿಯಲ್ಲಿ ಹಾರಿ ಮೆತ್ತಗೆ ಇಳಿಯುತ್ತದೆ, ಗರಸು ಹತ್ತಿದರೆ 'ಖರ್' ಎನ್ನುತ್ತದೆ. ಆ ಸದ್ದು ಬರುವವರೆಗೂ ಗುಂಡಿ ತೋಡಿಸಿದ. ಕೆಲವು ಕಡೆ ಮೂರೂವರೆ ಅಡಿಯಾಯಿತು. ಅಲ್ಲಿಗೆ ಹೊಸ ಉದ್ದನೆಯ ಕಂಬವೇ ಬೇಕಾಯಿತು. ತಳಕ್ಕೆ ಖಡಿ, ಸುತ್ತಲೂ ಕಾಂಕ್ರೀಟು. ಮೇಲ್ಮೈಯನ್ನು ಕರಣಿಯಿಂದ ಇಳಿಜಾರು ಮಾಡಿ, ಮಳೆನೀರು ಕಂಬದ ಬುಡಕ್ಕೆ ನಿಲ್ಲದಂತೆ ಸವರಿದ.

ಒಂದು ಕಂಬ ನೆಟ್ಟಗೆ ಮಾಡಬೇಕೆಂದರೆ ಅದರ ಎರಡೂ ಮಗ್ಗುಲಿನ ಅಂಕಣದ ಹತ್ತು ಹಲಗಿಗಳನ್ನೂ ಎತ್ತಬೇಕು. ಬುಡದ ಹಲಗಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಮಣ್ಣಿನ ತೇವ, ಉಪ್ಪು, ಇಲಿಯ ಬಿಲ ಎಲ್ಲ ಅದರ ಪಾಲಿಗೆ. ಮೊದಲು ಸೀಳುವುದೂ ಅದೇ. ನೀರು ಹಾಯಲಿಕ್ಕೆ ಪ್ರತಿ ಮೂರನೆಯ ಅಂಕಣದಲ್ಲಿ ಆ ಹಲಗಿ ಬೇಡ ಎಂದು ಅಜ್ಜ ಹೇಳಿದ. ಅಲ್ಲಿ ಎರಡೂ ಕಂಬಗಳಿಗೆ ಒಂದೊಂದು ಸಣ್ಣ ಕಲ್ಲನ್ನು ಆನಿಸಿ, ಮೇಲಿನ ನಾಲ್ಕು ಹಲಗಿಗಳನ್ನು ಅವುಗಳ ಮೇಲೆ ಕೂಡಿಸಿದೆವು.

ಆ ಖಾಲಿ ಸಂದಿಗಳಲ್ಲಿ ಹಂದಿ, ನಾಯಿ ನುಸುಳತೊಡಗಿದವು. ಹಾಗಾಗಿ ಹಳ್ಳಕ್ಕೆ ಹೋಗಿ ಜಾಲಿ ಕಡಿದು ತಂದೆ. ಮಗಳು ಕವೆಗೋಲು ಹಿಡಿದಳು. ಬುಡ ಒಳಗೆ, ಮುಳ್ಳು ಹೊರಗೆ. ಈಗ ಪ್ರತಿ ಬೇಸಿಗೆಗೆ ಅಷ್ಟನ್ನು ಹೊಸದಾಗಿ ತುಂಬುತ್ತೇವೆ. ಹೋದ ಮಳೆಗಾಲದಲ್ಲಿ ಒಂದು ಸಂದಿಯಿಂದ ತೊಂಡೆಬಳ್ಳಿ ಎದ್ದು ಸಿಮೆಂಟಿನ ಕಂಬಕ್ಕೆ ಸುತ್ತಿಕೊಂಡಿತ್ತು.