ತೂತಿನ ಮಾತು

ಎಲ್ಲರ ಮನೆಯ ದೋಸೆಯೂ ತೂತೇ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಗೋಡೆಯ ಬಗ್ಗೆ ಅವರು ಮಾತೆತ್ತಲಿಲ್ಲ. ಅವರ ಕಾಲದಲ್ಲಿ ಗೋಡೆಗೆ ತೂತು ಕೊರೆಯುವ ಪ್ರಸಂಗವೇ ವಿರಳವಾಗಿತ್ತಷ್ಟೆ. ಧಾರವಾಡದ ಹಳೆಯ ಮನೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಳಕ್ಕೂ ಮಿಕ್ಕು ದಪ್ಪನಾದ ಮಣ್ಣಿನ ಗೋಡೆ. ಅದರಲ್ಲಿ ದೀಪಕ್ಕೊಂದು ಗೂಡು, ದೇವರಿಗೊಂದು ಮಾಡ, ಅಂಗಿ-ರುಮಾಲುಗಳಿಗೆ ಸಾಲಾಗಿ ಸಾಗವಾನಿಯ ಗೂಟಗಳು. ಪಡಸಾಲೆಯ ತೊಲೆಗೆ ತೊಟ್ಟಿಲಿಗೆಂದು ಎರಡು ಕಬ್ಬಿಣದ ಕೊಂಡಿಗಳು. ಇವೆಲ್ಲ ಮನೆಯ ಸಂಗಡಲೇ ಹುಟ್ಟಿದವು. ಅಜ್ಜನ ಕೋಟು ತೂಗಿದ ಗೂಟಕ್ಕೇ ಮೊಮ್ಮಗನ ಕೋಟೂ ತೂಗಬೇಕು. ತನಗೆ ಬೇರೊಂದು ಗೂಟ ಬೇಕೆನ್ನುವವನು ಬೇರೊಂದು ಮನೆಯನ್ನೇ ಕಟ್ಟಿಸಬೇಕು.

ಈಗಿನ ಮನೆ ಹಾಗಲ್ಲ. ಅದು ನುಣ್ಣಗೆ, ಬೋಳಾಗಿ ನಮ್ಮ ಕೈಗೆ ಬರುವದು. ಪರದೆಯ ಸಲಾಕೆ, ಕನ್ನಡಿ, ಗೀಝರು, ನೀರು ಶೋಧಿಸುವ ಪೆಟ್ಟಿಗೆ, ಟೀವಿ, ತೀರಿಕೊಂಡ ಹಿರಿಯರ ಭಾವಚಿತ್ರ, ಎಲ್ಲವೂ ಗೋಡೆಯನ್ನೇ ಆಶ್ರಯಿಸತಕ್ಕವು. ಒಂದೊಂದಕ್ಕೂ ಎರಡೋ ನಾಲ್ಕೋ ತೂತು. ಆದಕಾರಣ ಮಧ್ಯಾಹ್ನದ ನಿದ್ದೆಯನ್ನು ಬಹು ಶ್ರದ್ಧೆಯಿಂದ ಪಾಲಿಸುವ ನಮ್ಮ ಪೆನ್ಶನರರ ಊರಿನಲ್ಲಿ, ರವಿವಾರ ಎರಡು ಗಂಟೆಗೆ ಸರಿಯಾಗಿ ಯಾವುದೋ ಮನೆಯ ಗೋಡೆ ‘ಘರ್ರ್’ ಎಂದು ಒದರತೊಡಗುವದು. ಮನೆ ಬಾಡಿಗೆಯದಾದರೆ ಬೇರೊಂದು ತಾಪತ್ರಯ. ಕೆಲವು ಮಾಲಕರು ಕರಾರುಪತ್ರದಲ್ಲಿಯೇ ‘ಮೊಳೆ ಹೊಡೆಯತಕ್ಕದ್ದಲ್ಲ’ ಎಂದು ಬರೆಯಿಸುವರು. ಅಂಥ ಮನೆಯಲ್ಲಿ ಗಡಿಯಾರವೂ ನೆಲದ ಮೇಲೆಯೇ ಕೂಡಬೇಕು.

ತಿರುಪುಮೊಳೆಗೆ ನಮ್ಮ ಕಡೆಯ ಬಡಿಗರು ಪೇಚು ಎನ್ನುವರು. ಅದನ್ನು ತಿರುಗಿಸುವ ಸಾಧನ ಪೇಚಕಸ. ಪಾರಸಿಯ ಈ ಪೇಚು ಎಂದರೆ ಸುತ್ತು, ತಿರುವು. ಪೇಚಿಗೆ ಸಿಕ್ಕುವದು, ಪೇಚಾಡುವದು ಎಂಬ ಮಾತುಗಳೂ ಅದೇ ಬಳಗದವು. ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಬಿಗಿ, ತಿರುಗುಮುರುಗಾದರೆ ಸಡಿಲು. ಬಲಗೈಯನ್ನು ಹೊರಮಗ್ಗುಲಿಗೆ ತಿರುವುವಾಗ ರಟ್ಟೆಯ ದೊಡ್ಡ ಸ್ನಾಯು ನೆರವಿಗೆ ಬರುವದರಿಂದ ಬಿಗಿಯಲಿಕ್ಕೆ ಬಲ ಹೆಚ್ಚು, ಬಿಚ್ಚಲಿಕ್ಕೆ ಕಡಿಮೆ. ಎಡಚರಿಗೆ ಇದು ತದ್ವಿರುದ್ಧ; ಪೇಚಾಟವೆಂದರೆ ನಿಜವಾಗಿ ಅವರದು.

ಆದರೆ ಪೇಚಿಗೂ ಮುಂಚೆ ತೂತು ಬೇಕಲ್ಲ! ಆ ಕೆಲಸಕ್ಕೆ ಇದ್ದದ್ದು ಬೈರಿಗೆ. ಹುಬ್ಬಳ್ಳಿ-ಧಾರವಾಡಗಳನ್ನು ಕೂಡಿಸಿ ಒಂದೇ ಪಾಲಿಕೆ ಮಾಡಿದ 1962ರ ಸುಮಾರಿಗೆ ನಾನು ಅದನ್ನು ನಮ್ಮ ಓಣಿಯ ಬಡಿಗರ ಅಂಗಳದಲ್ಲಿ ದಿನವೂ ನೋಡುತ್ತಿದ್ದೆ. (ಆ ಎರಡು ಊರುಗಳನ್ನು ಜೋಡಿಸಿದ ಪೇಚು ಸಡಿಲೆಂದು ಧಾರವಾಡದವರು ಮೊದಲಿನಿಂದಲೂ ಗೊಣಗುತ್ತಿದ್ದರು, 2025ರ ಜನೇವರಿಯಲ್ಲಿ ಅದನ್ನು ಬಿಚ್ಚಲು ಸಚಿವ ಸಂಪುಟವೇ ಒಪ್ಪಿಗೆ ಕೊಟ್ಟಿತು. ಇರಲಿ.) ಗೇಣೆರಡು ಉದ್ದದ ಕಟ್ಟಿಗೆಯ ಕದಿರು, ಅದರ ತುದಿಗೆ ಈಟಿಯಂತೆ ಚಪ್ಪಟೆಯಾದ ಉಕ್ಕಿನ ಮೊನೆ, ತಲೆಯ ಮೇಲೆ ಸಡಿಲಾಗಿ ಕೂಡುವ ಒಂದು ಟೊಪ್ಪಿಗೆ. ಕದಿರಿಗೆ ಹಗ್ಗವನ್ನು ಎರಡು ಸುತ್ತು ಸುತ್ತಿ, ಬಡಿಗನು ಟೊಪ್ಪಿಗೆಯನ್ನು ಅಂಗೈಯಿಂದ ಅದುಮಿ ಹಿಡಿಯುವನು. ಎದುರಿಗೆ ಕೂತ ಹುಡುಗ ಹಗ್ಗದ ಎರಡು ತುದಿಗಳನ್ನು ಹಿಡಿದು ಮೊಸರು ಕಡೆಯುವಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯುವನು. ಮೊನೆ ಎರಡೂ ದಿಕ್ಕಿಗೆ ಕೊರೆಯುವಂಥದಾದ್ದರಿಂದ ಒಂದು ಸುತ್ತೂ ವ್ಯರ್ಥವಲ್ಲ. ಹುಡುಗ ಸಿಗದಿದ್ದರೆ ಹಗ್ಗವನ್ನು ಕಮಾನಿಗೆ ಕಟ್ಟಿ ಒಬ್ಬನೇ ಕೊರೆಯುವದೂ ಉಂಟು. ಬಾಗಿಲ ಚೌಕಟ್ಟಿನಂಥ ದಪ್ಪ ಕೆಲಸಕ್ಕೆ ಮಾತ್ರ ಹುಡುಗನೇ ಬೇಕು.

ಹುಡುಗನೆಂದರೆ ಬಡಿಗರ ಮಗ, ನನ್ನ ಓರಿಗೆಯವನು. ಸಾಲಿಗೆ ಹೋಗುವ ಮುಂಚೆ ನಾನೂ ಹಗ್ಗಕ್ಕೆ ಕೈ ಹಾಕುತ್ತಿದ್ದೆ. ಹತ್ತು ಗಂಟೆಯಾದರೆ ನಾನು ಪಾಟಿಚೀಲ ತೆಗೆದುಕೊಂಡು ಹೊರಡುವೆ. ಅವನು ಅಲ್ಲಿಯೇ ಕೂಡುವನು. ನಾಲ್ಕನೆಯ ಇಯತ್ತೆಗೆ ಅವನ ಸಾಲಿ ಮುಗಿದಿತ್ತು. ನನಗೆ ಆಟವಾದದ್ದು ಅವನಿಗೆ ಅನ್ನ. ಮುದುಕರು ಕೈ ಹಿಡಿದು ಪಾಠ ಹೇಳಿದವರಲ್ಲ; “ಹಗ್ಗದ ಮಾತು ಕೇಳಲೇ” ಎನ್ನುವರು, ಅಷ್ಟೆ. ಹಲಗೆಯಲ್ಲಿ ಗಂಟು ಬಂದರೆ ಹಗ್ಗ ಜಗ್ಗುವದು. ಮೊನೆ ಇನ್ನೇನು ಆಚೆ ಬದಿಗೆ ಬರಬೇಕೆನ್ನುವಾಗ ಹಗುರಾಗುವದು. ಆಗ ನಿಲ್ಲಿಸಿ, ಹಲಗೆಯನ್ನು ಮಗುಚಿ, ಆ ಬದಿಯಿಂದ ಕೊರೆಯಬೇಕು. ಇಲ್ಲವಾದರೆ ಸಿಬರೆದ್ದು ಹಲಗೆ ಕೆಡುವದು.

ಈ ಕಮಾನಿನ ಬೈರಿಗೆಗೆ ಎಷ್ಟು ವಯಸ್ಸು ಎಂದು ತಿಳಿದಾಗ ನನ್ನ ಹಲ್ಲು ಜುಮ್ಮೆಂದಿತು. ಬಲೂಚಿಸ್ತಾನದ ಮೆಹರಗಢದ ಗೋರಿಗಳಲ್ಲಿ, ಏಳೂವರೆಯಿಂದ ಒಂಬತ್ತು ಸಾವಿರ ವರುಷಗಳ ಹಿಂದಿನ ಒಂಬತ್ತು ಜನರ ಹನ್ನೊಂದು ದವಡೆಹಲ್ಲುಗಳಲ್ಲಿ ಕೊರೆದ ತೂತುಗಳು ಸಿಕ್ಕವೆಂದು 2006ರಲ್ಲಿ ಪ್ರಕಟವಾಯಿತು. ಚಕಮಕಿ ಕಲ್ಲಿನ ಮೊನೆ, ಕಮಾನಿನ ಬೈರಿಗೆ. ಹಲ್ಲಿನ ತೂತು ಒಂದು ನಿಮಿಷದೊಳಗೆ ಮುಗಿಯುವದೆಂದು ವಿದ್ವಾಂಸರು ಮಾಡಿಯೇ ನೋಡಿದರಂತೆ. ಜೀವಂತವಿದ್ದಾಗಲೇ ಕೊರೆಯಿಸಿಕೊಂಡ ಹಲ್ಲುಗಳವು; ತೂತಿನ ಅಂಚು ಆಮೇಲಿನ ಅಗಿತದಿಂದ ಸವೆದು ನುಣುಪಾಗಿದೆ. ಮಣಿ ಕೊರೆಯುವ ಕುಶಲಿಯೇ ಹಲ್ಲಿನ ವೈದ್ಯನೂ ಆಗಿದ್ದಿರಬೇಕು. ಆ ರೋಗಿಗಳ ಧೈರ್ಯಕ್ಕೆ ನನ್ನ ನಮಸ್ಕಾರ.

ಒಂಬತ್ತು ಸಾವಿರ ವರುಷ ನಡೆದ ವಿದ್ಯೆಯನ್ನು ನೂರು ವರುಷದ ಯಂತ್ರವೊಂದು ಮೂಲೆಗೆ ಹಾಕಿತು. ಕೈಯಲ್ಲಿ ಹಿಡಿಯುವ ವಿದ್ಯುತ್ ಬೈರಿಗೆಯನ್ನು 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಫೈನ್ ಎಂಬವರ ಕಾರಖಾನೆ ತಯಾರಿಸಿತು. ಪಿಸ್ತೂಲಿನ ಹಿಡಿಕೆ, ಕುದುರೆಯಂಥ ಗುಂಡಿ ಹಚ್ಚಿ ಅಮೇರಿಕೆಯ ಬ್ಲ್ಯಾಕ್ ಹಾಗೂ ಡೆಕರ್ ಎಂಬಿಬ್ಬರು 1917ರಲ್ಲಿ ಪೇಟೆಂಟು ಪಡೆದರು. ನಮ್ಮ ಓಣಿಗೆ ಅದು ಬಂದದ್ದು ಅದಕ್ಕೂ ಮುಕ್ಕಾಲು ಶತಮಾನ ತಡವಾಗಿ. ನನ್ನ ಗೆಳೆಯನು ಹುಬ್ಬಳ್ಳಿಗೆ ಹೋಗಿ ಮಶೀನು ತಂದನು. ಹಳೆಯದೆಲ್ಲ ಹೊನ್ನು ಎನ್ನುವವರು ಅವನ ಮುಂದೆ ಬಾಯಿ ಬಿಡದಿರುವದು ಲೇಸು. “ಹಗ್ಗ ಎಳದು ನನ್ನ ಭುಜಾ ಹೋತ್ರೀ. ನನ್ನ ಮಗಾ ಒಂದ ದಿವಸಾನೂ ಎಳೀಲಿಲ್ಲ” ಎನ್ನುವಾಗ ಅವನ ಮುಖ ನೋಡಬೇಕು. ಹಗ್ಗದ ತುದಿಗೆ ಹುಡುಗ ಬೇಡವಾದದ್ದರಿಂದ ಆ ಹುಡುಗ ಸಾಲಿ ಕಲಿತನು. ಈಗ ಬೆಂಗಳೂರಲ್ಲಿ ಕಚೇರಿಯಲ್ಲಿದ್ದಾನೆ. ಯಂತ್ರ ಮಾಡಿದ ಉಪಕಾರಗಳಲ್ಲಿ ನಾನು ಇದನ್ನು ಮೊದಲಿಗೆ ಎಣಿಸುವೆನು. ಆ ಅಂಗಳದಲ್ಲಿ ಕೆಲಸ ಮುಂದುವರಿಸುವವರು ಯಾರೂ ಇಲ್ಲ ಎಂಬುದೂ ಅಷ್ಟೇ ನಿಜ.

ಯಂತ್ರ ಬಂದರೂ ಕಟ್ಟಿಗೆಯ ಸ್ವಭಾವ ಬದಲಾಗಲಿಲ್ಲ. ಪೇಚಿನ ಹಲ್ಲು ಬಿಟ್ಟು ಒಳಗಿನ ಕಾಂಡವೆಷ್ಟು ದಪ್ಪವೋ ಅಷ್ಟೇ ತೂತು. ಹೆಚ್ಚಾದರೆ ಹಲ್ಲಿಗೆ ಹಿಡಿತವಿಲ್ಲ, ಕಡಿಮೆಯಾದರೆ ಹಲಗೆ ಸೀಳುವದು. ಸಾಗವಾನಿಗೆ ಹಾಕುವಾಗ ಪೇಚಿಗೆ ತುಸು ಸಾಬೂನು ಸವರಬೇಕು. ಹಿತ್ತಾಳೆಯದಾದರೆ ಮೊದಲು ಅದೇ ಅಳತೆಯ ಉಕ್ಕಿನ ಪೇಚು ಹಾಕಿ ತೆಗೆದು, ಹಾದಿಯಾದ ಮೇಲೆ ಹಿತ್ತಾಳೆಯದನ್ನು ಕೂಡಿಸಬೇಕು. ಅದರ ಕುತ್ತಿಗೆ ಬಲು ನಾಜೂಕು. ಗೋಡೆಯದು ಬೇರೆಯೇ ಕಥೆ. ಸಿಮೆಂಟು-ಇಟ್ಟಿಗೆಗಳು ಪೇಚಿನ ಹಲ್ಲನ್ನು ಹಿಡಿಯಲಾರವು, ನಡುವೆ ಒಬ್ಬ ಮಧ್ಯಸ್ಥ ಬೇಕು. ಮೊದಲು ಉಳಿಯಿಂದ ಗೋಡೆ ಕಡಿದು ಕಟ್ಟಿಗೆಯ ಗಿಟ್ಟಿ ಜಡಿಯುತ್ತಿದ್ದರು. ಲಂಡನ್ನಿನ ಬ್ರಿಟಿಶ್ ಮ್ಯೂಝಿಯಮ್ಮಿನ ಗೋಡೆ ಕೆಡಬಾರದೆಂದು ರಾಲಿಂಗ್ಸ್ ಎಂಬ ಗುತ್ತಿಗೆದಾರ 1911ರ ಸುಮಾರಿಗೆ ಸೆಣಬಿನ ಗಿಟ್ಟಿ ಮಾಡಿದನು. ಇಂದು ಎಲ್ಲ ಅಂಗಡಿಗಳಲ್ಲಿ ಸಿಗುವ ನೈಲಾನ್ ಗಿಟ್ಟಿ ಜರ್ಮನಿಯ ಆರ್ಟುರ್ ಫಿಶರನದು, 1958ರದು. ಪೇಚು ಒಳಹೊಕ್ಕಂತೆ ಅದು ಹಿಗ್ಗಿ ಗೋಡೆಯನ್ನು ಅವುಚಿಕೊಳ್ಳುವದು. ನಮ್ಮ ಹಳೆಯ ಮಣ್ಣಿನ ಗೋಡೆಯಲ್ಲಿ ಮಾತ್ರ ಈ ಪಾಶ್ಚಾತ್ಯ ವಿದ್ಯೆ ನಡೆಯದು. ಅಲ್ಲಿ ಅದು ಹಿಗ್ಗಿದಷ್ಟೂ ಮಣ್ಣು ಉದುರುವದು.

ಹೋದ ವರುಷ ನಮ್ಮ ಮನೆಗೆ ಮೊಮ್ಮಗಳು ಬಂದಳು. ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲು ನಮ್ಮಲ್ಲಿ ಮೂರು ತಲೆಮಾರಿನಿಂದ ಇದೆ. ಆದರೆ ನಾವೀಗ ಇರುವದು ತೊಲೆಯಿಲ್ಲದ ಮನೆಯಲ್ಲಿ. ಮೇಲೆ ನೋಡಿದರೆ ಬರಿಯ ಸ್ಲ್ಯಾಬು. ಭಾವಚಿತ್ರದ ಮೊಳೆ ಕಿತ್ತರೆ ಗಾಜು ಒಡೆದೀತು. ಇದು ತಲೆಯ ಮೇಲಿನ ತೂತು, ಅದಕ್ಕೆ ಜೋತು ಬೀಳುವದು ಕೂಸು. ಸ್ಟ್ಯಾಂಡು ಕೊಳ್ಳೋಣವೆಂದು ಮಗನೆಂದನು. ಅವನ ಅಂಜಿಕೆ ತಪ್ಪೇನಲ್ಲ. ನಾನು ಗೆಳೆಯನನ್ನು ಕರೆದೆ.

ಅವನು ಏಣಿ ಹತ್ತಿ, ಗುಂಡಿಯನ್ನು ಅರ್ಧವೇ ಒತ್ತಿ, ನಿಧಾನವಾಗಿ ಕೊರೆದನು. ಮೊದಲನೆಯ ತೂತು ಸುಸೂತ್ರವಾಯಿತು. ಎರಡನೆಯದು ಮುಕ್ಕಾಲು ಅಂಗುಲ ಹೋಗಿರಬೇಕು, ತಟ್ಟನೆ ನಿಲ್ಲಿಸಿದನು. ನಮಗಾರಿಗೂ ಏನೂ ಕೇಳಿರಲಿಲ್ಲ. “ಸಳಿ ಐತ್ರೀ” ಎಂದನು. ಮನೆಯ ಭಾರ ಹೊತ್ತ ಉಕ್ಕಿನ ಸರಳು, ಅದನ್ನು ಕಡಿಯಬಾರದು. ನಾಲ್ಕು ಬೆರಳು ಸರಿದು ಬೇರೆ ಕಡೆ ಕೊರೆದು, ಬಿಟ್ಟ ತೂತಿಗೆ ಸಿಮೆಂಟು ಮೆತ್ತಿದನು. ಆಮೇಲೆ ಸೈಕಲ್ಲಿನ ಪಂಪು ತರಿಸಿ ತೂತುಗಳೊಳಗಿನ ಧೂಳನ್ನೆಲ್ಲ ಊದಿ ತೆಗೆದನು; ಧೂಳಿದ್ದರೆ ಉಕ್ಕಿನ ಬೋಲ್ಟು ಹಿಗ್ಗಿದರೂ ಕಚ್ಚುವದು ಧೂಳನ್ನೇ. ಕೊಂಡಿಗಳನ್ನು ಬಿಗಿದು, ನಟ್ಟಿನಿಂದ ಸ್ಲ್ಯಾಬಿನವರೆಗೆ ಸೀಸಕಡ್ಡಿಯಿಂದ ಒಂದೊಂದು ಗೆರೆ ಎಳೆದನು.

ತೊಟ್ಟಿಲು ಕಟ್ಟೋಣವೆಂದರೆ ಒಪ್ಪಲಿಲ್ಲ. ಬರಿದಾದ ತೊಟ್ಟಿಲು ತೂಗಬಾರದೆಂದು ನನ್ನಾಕೆಯೂ ಹೇಳಿದಳು. ಐವತ್ತು ಕಿಲೋದ ಜೋಳದ ಚೀಲ ಎರಡು ತರಿಸಿ ಸರಪಳಿಗೆ ಬಿಗಿದನು. ಇಷ್ಟು ಭಾರ ಸಾಕಲ್ಲ ಎಂದರೆ, “ಭಾರಾ ಅಲ್ರೀ. ಕೂಸಿನ್ನ ಸುಮ್ಮ ಇಡತೀರೇನು? ತೂಗತೀರಿ” ಎಂದು ಚೀಲಗಳನ್ನು ನೂಕಿಬಿಟ್ಟನು. ರಾತ್ರಿ ಎದ್ದವರೆಲ್ಲ ಅದನ್ನೊಮ್ಮೆ ತೂಗಿ ಹೋಗಬೇಕೆಂದು ಕಟ್ಟಪ್ಪಣೆಯಾಯಿತು. ಆ ರಾತ್ರಿ ನಮ್ಮ ಮನೆಯಲ್ಲಿ ಜೋಳದ ಹೊರತು ಯಾರಿಗೂ ನಿದ್ದೆ ಹತ್ತಲಿಲ್ಲ.

ಬೆಳಗಿನ ಏಳಕ್ಕೆ ಬಂದು ಏಣಿ ಹತ್ತಿದನು. ನಟ್ಟಿನ ಮೇಲಿನ ಗೆರೆ, ಸ್ಲ್ಯಾಬಿನ ಮೇಲಿನ ಗೆರೆ, ಎರಡೂ ಕೂದಲೆಳೆಯಷ್ಟೂ ಸರಿಯದೆ ಕೂಡಿಯೇ ಇದ್ದವು. ಬೆರಳಿನಿಂದ ಸವರಿ ನೋಡಿ ಕೆಳಗಿಳಿದು, “ಇನ್ನ ಕಟ್ಟರ್ರಿ” ಎಂದು ಚಹಾಕ್ಕೆ ಕೂತನು. ಒಂದು ಚೀಲ ಅಂಗಡಿಗೆ ಮರಳಿ ಹೋಯಿತು. ಇನ್ನೊಂದನ್ನು ಬಿಚ್ಚಿ ಐದು ಕಿಲೋ ಜೋಳ ಗಿರಣಿಗೆ ಕಳಿಸಿದೆವು.