ಮಗನ ಮಸ್ಟ್ಯಾಂಗ್ ಗಾಡಿ, ನನ್ನ ಚಪಾತಿ ರೊಕ್ಕ

"ಅಲ್ಲಾ, ಹುಡುಗಗ ಇಷ್ಟು ಹಳೇ ಗಾಡಿ ಯಾಕ ಬೇಕಾಗಿತ್ತು? ಅದಕ್ಕ ನೀ ಬ್ಯಾರೆ ರೊಕ್ಕ ಹಾಕೀಯಂತ?" ಅಂತ ಹುಬ್ಬಳ್ಳಿ ವೈನಿ ಕೇಳ್ಯಾರ. ಫೋನಿನ್ಯಾಗ ಹೇಳಿ ಮುಗಿಯೋ ಮಾತಲ್ಲ ಇದು. ಅದಕ್ಕ ಇಲ್ಲೇ ಬರೀತೀನಿ. ಗಂಡುಮಕ್ಕಳು ಗಾಡಿ ಹುಚ್ಚು ಹಚ್ಚಿಕೊಂಡಿರೋ ಮನಿ ಇದೊಂದೇ ಅಲ್ಲಲ್ಲ.

ನಾವಿರೋದು ಮಿಶಿಗನ್‌ನ್ಯಾಗ, ಡೆಟ್ರಾಯಿಟ್ ಹತ್ರ. ಧಾರವಾಡದಾಗ ಪೇಢೆ ಬಗ್ಗೆ ಮನಿಗೊಂದು ಅಭಿಪ್ರಾಯ ಇರ್ತದಲ್ಲ, ಇಲ್ಲಿ ಕಾರಿನ ಬಗ್ಗೆ ಹಂಗ. 1995ರಿಂದ ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂದಾಗ ಹಳೇ ಗಾಡಿಗಳ ಜಾತ್ರಿ ನಡೀತದ. ಜನ ಕುರ್ಚಿ ತಂದು ರಸ್ತೆ ಬದಿಗೆ ಹಾಕ್ಕೊಂಡು ಕೂಡ್ತಾರ. ನಮ್ಮ ಹುಡುಗ ಅದನ್ನ ನೋಡಕೋತನ ಬೆಳದಾನ.

ಅವ ತನ್ನ ಸ್ವಂತ ದುಡಿಮಿಯಿಂದ ತಂದಿದ್ದು 1990ರ ಫೋರ್ಡ್ ಮಸ್ಟ್ಯಾಂಗ್ ಜಿಟಿ. ಎಂಟು ಸಿಲಿಂಡರಿನ ಎಂಜಿನ್, 225 ಹಾರ್ಸ್‌ಪವರ್. ಮೈಮ್ಯಾಲೆ 5.0 ಅಂತ ಬರದಿದ್ರೂ ಲೆಕ್ಕ ಹಾಕಿದ್ರ ಅದು 4.9 ಲೀಟರ್ ಅಂತ. ಸೈಲೆನ್ಸರ್ ಒಂದು ಬಿಟ್ರ ಉಳಿದದ್ದೆಲ್ಲಾ ಕಾರ್ಖಾನ್ಯಾಗಿಂದ ಬಂದಂಗನ ಇತ್ತು. ಇನ್ನು ಅದಕ್ಕ ಶಕ್ತಿ ಹೆಚ್ಚು ಮಾಡಬೇಕು ಅಂತ ಇವನ ಹಟ.

ಜಗಳ ಗಾಡೀದಷ್ಟೇ ಇರಲಿಲ್ಲ, ಅದನ್ನೂ ಹೇಳಬೇಕು. ಹುಡುಗ ಎಂಜಿನಿಯರಿಂಗ್ ಅರ್ಧಕ್ಕ ಬಿಟ್ಟು, ಗಾಡಿ ರಿಪೇರಿ ಕಲಿಸೋ ಕೋರ್ಸಿಗೆ ಸೇರಿದ. ನಮ್ಮನಿಯವರಿಗೆ ಅದು ಭಾಳ ಮನಸಿಗೆ ಹತ್ತಿತು. "ಮೊದಲು ಗಾಡಿ ಮಾರು, ಆಮ್ಯಾಲೆ ನನ್ನ ಜೋಡಿ ಮಾತಾಡು" ಅಂದುಬಿಟ್ರು. ಐದು ತಿಂಗಳು ಒಂದೇ ಟೇಬಲ್ಲಿಗೆ ಊಟ, ಮಾತು ಮಾತ್ರ ನನ್ನ ಮುಖಾಂತರ. "ಉಪ್ಪಿನಕಾಯಿ ಬೇಕೇನು ಕೇಳು ಅವಗ" ಅನ್ನೋ ಮಟ್ಟಕ್ಕ.

ಇತ್ತ ಹುಡುಗ ಕ್ರೆಡಿಟ್ ಕಾರ್ಡಿನ ಮ್ಯಾಲೆ ಸೂಪರ್‌ಚಾರ್ಜರ್ ತರಿಸೋ ವಿಚಾರದಾಗಿದ್ದ. ನಾ ಚಪಾತಿ ಮಾಡಿ ಕೊಟ್ಟು ಕೂಡಿಸಿದ್ದು 3,000 ಡಾಲರ್ ಇತ್ತು. "ಸಾಲ ಮಾಡಬ್ಯಾಡ, ಇದನ್ನ ಕೊಡ್ತೀನಿ. ಆದ್ರ ಒಂದೊಂದು ಸಾಮಾನೂ ಏನು, ಯಾಕಂತ ನನಗ ಕನ್ನಡದಾಗ ತಿಳಿಸಿ ಹೇಳಬೇಕು" ಅಂದೆ. ಮೂರು ಸಂಜಿ ಅಡಿಗಿಮನ್ಯಾಗ ಪಾಠ ಆತು.

ಎಂಜಿನ್ ಅಂದ್ರ ಒಲಿನ ಅಂತ ತಿಳ್ಕೋರಿ. ಗಾಳಿ ಎಷ್ಟು ಒಳಗ ಹೋಗಿ ಹೊರಗ ಬರ್ತದೋ ಅಷ್ಟು ಉರಿ. ಸೂಪರ್‌ಚಾರ್ಜರ್ ಅಂದ್ರ ಊದುಗೊಳವಿ, ಒತ್ತಾಯದಿಂದ ಗಾಳಿ ತುಂಬೋದು. "ಹಂಗಾರ ಎಷ್ಟಂತ ಊದಬಹುದು? ಒಲಿ ಒಡೆಯೂದಿಲ್ಲೇನು?" ಅಂದೆ. ಹುಡುಗ ಸುಮ್ಮನಾದ. ಆಮ್ಯಾಲೆ ಅವನ ಹೇಳಿದ: ಈ ಎಂಜಿನ್ನಿನ ಬ್ಲಾಕ್ 500 ಹಾರ್ಸ್‌ಪವರ್ ಆಸುಪಾಸಿಗೆ ಹೋದ್ರ ನಟ್ಟನಡುವೆ ಸೀಳತದ ಅಂತ ಹೆಸರಾಗ್ಯದ, ಅದಕ್ಕಿಂತ ಮೊದಲ ಗೇರ್‌ಬಾಕ್ಸ್ ಕೈಕೊಡಬಹುದು.

ಇನ್ನು ಹೆಡ್, ಇನ್‌ಟೇಕ್, ಕ್ಯಾಮ್. ಇವು ಹೋಳಿಗಿ ಇದ್ದಂಗ. ಕಣಕ ಗಟ್ಟಿ, ಹೂರಣ ತೆಳ್ಳಗ ಆದ್ರ ಲಟ್ಟಿಸಲಿಕ್ಕೆ ಬರ್ತದೇನು? ಒಂದಕ್ಕೊಂದು ಹೊಂದಬೇಕು. ಗಾಳಿದಾರಿ ಸಣ್ಣದಿರೋ ಹಳೇ ಹೆಡ್ ಇಟ್ಟು ದೊಡ್ಡ ಕ್ಯಾಮ್ ಹಾಕಿದ್ರ, ಗಾಡಿ ನಿಂತಲ್ಲೇ ಗುಡುಗುಡು ಅಂತದ, ಓಟ ಮಾತ್ರ ಅಷ್ಟಕ್ಕಷ್ಟ. ಕಡಿಮಿ ಖರ್ಚಿನ ಒಂದು ದಾರಿ ಅದ. 1996ರ ನಂತರದ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗೆ ಇದ 5.0 ಎಂಜಿನ್ ಬರತಿತ್ತು. ಗುಜರಿಯಿಂದ ಅದರ ಹೆಡ್, ಇನ್‌ಟೇಕ್ ತಂದು ಕೂಡಿಸ್ತಾರ. ಆದ್ರ ಅದರಾಗೂ ಎರಡು ನಮೂನಿ. ಜಿಟಿ40ಪಿ ಅನ್ನೋದಕ್ಕ ಸ್ಪಾರ್ಕ್ ಪ್ಲಗ್ ಬ್ಯಾರೆ ಕಡೆ ಇರ್ತಾವ, ಎಕ್ಸಾಸ್ಟ್ ಹೆಡರ್ ಸುದ್ದಾ ಅದಕ್ಕ ಹೊಂದೋದನ್ನ ತರಬೇಕು. ಅಂದ್ರ ಹೆಡ್ ಸೋವಿ ಸಿಕ್ತು ಅಂದ್ರೂ ಖರ್ಚು ಅಲ್ಲಿಗೆ ಮುಗಿಯೂದಿಲ್ಲ.

ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಬರೇ ಪೈಪ್ ಹಾಕೋದೂ ಪಟ್ಟಿಯೊಳಗಿತ್ತು. ಮಿಶಿಗನ್‌ನ್ಯಾಗ ವರ್ಷಾ ವರ್ಷಾ ಹೊಗಿ ಪರೀಕ್ಷಾ ಇಲ್ಲ ಖರೆ. ಇದ್ರೂ ಅದನ್ನ ತೆಗಿಯೋದು ದೇಶದ ಕಾಯ್ದೆಗೇ ವಿರುದ್ಧ. ಅದಕ್ಕ ನಾನ ಗೀಟು ಹೊಡದೆ.

ಕಡೀಕೆ ನಾನೂ ಗಾಡಿ ಸುತ್ತ ಒಮ್ಮೆ ತಿರುಗಿ ಬಂದೆ. ಟಾಯರಿನ ಬದಿಗೆ ನಾಲ್ಕು ಅಂಕಿ ಇರ್ತಾವ, ಮೊದಲಿನ ಎರಡು ವಾರ, ಕಡೀ ಎರಡು ವರ್ಷ, ಮಸಾಲಿ ಪ್ಯಾಕೀಟಿನ ಮ್ಯಾಲಿನ ತಾರೀಖು ಇದ್ದಂಗ. ನಾ ಓದಿದ್ದು 2309. 2009ರ 23ನೇ ವಾರದ್ದು! ನೋಡಲಿಕ್ಕೆ ಗಟ್ಟಿಮುಟ್ಟಾಗಿದ್ದು, ಅಂಚಿಗೆ ಕೂದಲೆಳೆಯಂಥ ಬಿರುಕು. ಬ್ರೇಕಿನ ರಬ್ಬರ್ ನಳಿಗಿ ಸುದ್ದಾ ಸೀಳಿದ್ದು. ಹಿಂದಿನ ಗಾಲಿಗೆ ಹಳೇಕಾಲದ ಡ್ರಮ್ ಬ್ರೇಕು. ಒಂದೂವರೆ ಟನ್ ಹತ್ರ ತೂಗೋ ಗಾಡಿ, ಒಳಗ ಕೂಡಾಂವ ನನ್ನ ಮಗ. ನಿಲ್ಲಸಲಿಕ್ಕೆ ಬರಲಾರದ್ದನ್ನ ಓಡಿಸಿ ಏನು ಮಾಡೋದು?

ಅಲ್ಲಿಗೆ ಕ್ರಮ ಗೊತ್ತಾತು. ಮೊದಲು ಆರೋಗ್ಯ, ಆಮ್ಯಾಲೆ ಟಾನಿಕ್. ಎಂಟೂ ಸಿಲಿಂಡರಿನ ಕಂಪ್ರೆಶನ್ ನೋಡಿದ, ಒಂದಕ್ಕೊಂದು ಹತ್ರಹತ್ರನ ಬಂತು, ಅಂದ್ರ ಎಂಜಿನ್ ಗಟ್ಟಿ ಅದ. ಪ್ಲಗ್, ವೈರು, ಫಿಲ್ಟರ್, ನೀರಿನ ನಳಿಗಿ ಹೊಸಾವು ಬಂದವು. ನಾಲ್ಕು ಟಾಯರು, ಬ್ರೇಕಿನ ಎಲ್ಲಾ ಸಾಮಾನು. ಇಷ್ಟಕ್ಕ ಅರ್ಧ ರೊಕ್ಕ ಖಾಲಿ.

ಆಮ್ಯಾಲೆ ಟೈಮಿಂಗ್. ಕಂಪನಿ ಇಟ್ಟಿದ್ದು 10 ಡಿಗ್ರಿ, ಅದನ್ನ 13ಕ್ಕ ಏರಿಸಿದ. ಇದಕ್ಕ ರೊಕ್ಕ ಬೇಕಾಗಿಲ್ಲ, ಆದ್ರ ತುಟ್ಟಿ ಪ್ರೀಮಿಯಂ ಪೆಟ್ರೋಲ್ ಬೇಕು. ಇಲ್ಲಂದ್ರ ಡಬ್ಬ್ಯಾಗ ಹಳ್ಳು ಅಲ್ಲಾಡಿಸಿದಂಗ ಸಪ್ಪಳ ಬರ್ತದ, ಅದು ಎಂಜಿನ್ನಿಗೆ ಕೆಟ್ಟದ್ದು. ಕಡೀಕೆ ಹಿಂದಿನ ಆಕ್ಸಲ್ಲಿನ ಗೇರು: 3.08 ತೆಗೆದು 3.73. ಹಾರ್ಸ್‌ಪವರ್ ಒಂದೂ ಹೆಚ್ಚಾಗೂದಿಲ್ಲ, ಆದ್ರ ಸಿಗ್ನಲ್ಲಿನಿಂದ ಜಿಗದು ಹೋಗ್ತದ. ದಂಡ ಏನಂದ್ರ, ಹೈವೇದಾಗ 2,000 ಸುತ್ತಿಗೆ ಹೋಗತಿದ್ದ ವೇಗಕ್ಕ ಈಗ 2,400 ಸುತ್ತು ಬೇಕು, ಪೆಟ್ರೋಲೂ ಹೆಚ್ಚು. ಸ್ಪೀಡೋಮೀಟರಿನ ಸಣ್ಣ ಗೇರೂ ಬದಲಿ ಮಾಡಬೇಕಾತು, ಇಲ್ಲಂದ್ರ ಅದು ಸುಳ್ಳು ಹೇಳ್ತದ.

ನಾ ಬರೀಲಿಕ್ಕೆ ಕೂತದ್ದು ಮುಖ್ಯ ಈ ಮಾತಿಗೆ. ಬ್ರೇಕಿನ ಎಣ್ಣ್ಯಾಗಿನ ಗಾಳಿ ತೆಗಿಯೋದು ಒಬ್ಬರ ಕೈಯಿಂದ ಸುಲಭ ಆಗೋ ಕೆಲಸ ಅಲ್ಲ. ಒಬ್ಬರು ಒಳಗ ಕೂತು ಪೆಡಲ್ ತುಳೀಬೇಕು, ಒಬ್ಬರು ಗಾಲಿ ಹತ್ರ ಸ್ಕ್ರೂ ಬಿಚ್ಚಿ ಹಾಕಬೇಕು. ನಾ ಕೈಗೆ ಹಿಟ್ಟು ಮೆತ್ತಿಕೊಂಡು, "ನಂದು ಕೈ ಖಾಲಿ ಇಲ್ಲ, ನೀವ ಹೋಗ್ರಿ" ಅಂದೆ ಮನಿಯವರಿಗೆ. ಗೊಣಗಕೋತ ಹೋದ್ರು.

"ತುಳಿ ಅಪ್ಪಾ."

"ತುಳದೀನಿ."

"ಹಿಡಿ... ಈಗ ಬಿಡು."

ಒಂದು ತಾಸು ಇಷ್ಟ ಮಾತು. ನಾಲ್ಕನೇ ಗಾಲಿಗೆ ಬರೋದ್ರಾಗ, "ಇದನ್ನ ನಿನಗ ಕ್ಲಾಸಿನ್ಯಾಗ ಕಲಿಸಿದ್ರೇನು?" ಅಂತ ಇವರು ಕೇಳಿದ್ದು ನನಗ ಬಾಗಲದಾಗ ಕೇಳಿಸ್ತು. ಎಲ್ಲಾ ಸರಿಹೋತು ಅನ್ನಂಗಿಲ್ಲ. ಕಾಲೇಜಿನ ಮಾತು ಬಂದ್ರ ಇವರ ಮುಖ ಈಗೂ ಗಂಟು ಆಗ್ತದ. ಆದ್ರ ಉಪ್ಪಿನಕಾಯಿ ಈಗ ಅವರವರ ಕೇಳ್ಕೋತಾರ.

ನಿಮ್ಮ ಮನಿ ಹುಡುಗರು ಇಂಥಾದ್ದು ಕೇಳಿದ್ರ ಬೈಬ್ಯಾಡ್ರಿ, ಮೂರು ಪ್ರಶ್ನೆ ಕೇಳ್ರಿ. ಈಗಿದ್ದದ್ದು ಆರೋಗ್ಯದಿಂದ ಅದನೋ ಇಲ್ಲೋ? ನಿಲ್ಲಸಲಿಕ್ಕೆ ಬರ್ತದೋ? ಈ ಸಾಮಾನು ಹಾಕಿದ್ರ ಅದರ ಬೆನ್ನ ಹಿಂದ ಇನ್ನೇನೇನು ಬರ್ತದ? ಮೂರಕ್ಕೂ ಉತ್ತರ ಕೊಟ್ಟ ಹುಡುಗ ತಕ್ಕಮಟ್ಟಿಗೆ ಶಾಣ್ಯಾ ಇದ್ದಾನ ಅಂತ ಅರ್ಥ.

ಗುಜರಿ ಹೆಡ್ಡಿನ ವಿಚಾರ ಇನ್ನೂ ನಡದದ. 400 ಡಾಲರ್ ಉಳದದ, ಡಬ್ಬಿ ನನ್ನ ಹತ್ರನ ಅದ.